ತಿಂದದ್ದು ಮೈಗೆ ಹತ್ತಬೇಕಲ್ಲ

ಕೊಡಗಿನ ಗೋಣಿಕೊಪ್ಪದಲ್ಲಿ ಒಂದು ಸಂಜೆ ಕಾಲೇಜು ಮಕ್ಕಳು, ಟೀಚರುಗಳು, ಒಂದಷ್ಟು ಕಾಫಿ ಬೆಳೆಗಾರರು ಸೇರಿದ್ದ ಸಭೆಯಲ್ಲಿ ಮಕ್ಕಳ ಅಪೌಷ್ಟಿಕತೆಯ ಬಗ್ಗೆ ನಾನು ಆಡಿದ ಮಾತುಗಳಿವು. ಬರೆದುಕೊಡಿ ಅಂತ ಕೆಲವರು ಕೇಳಿದರು. ಆಡಿದ ಹಾಗೆಯೇ ಬರೆದಿದ್ದೇನೆ. ಅಲ್ಲಿ ಬಿಟ್ಟುಹೋದ ಒಂದೆರಡು ಸಂಗತಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ನೀವೆಲ್ಲ ಒಂದು ಕೆಲಸ ಮಾಡಬೇಕು. ಹೆಬ್ಬೆರಳಿನ ತುದಿಗೆ ತೋರುಬೆರಳಿನ ತುದಿ ಮುಟ್ಟಿಸಿ. ಒಂದು ಬಳೆಯ ಹಾಗೆ ಆಯ್ತಲ್ಲ? ಈಗ ಅದಕ್ಕಿಂತ ಸ್ವಲ್ಪ ಚಿಕ್ಕ ಬಳೆ ಅಂದುಕೊಳ್ಳಿ. ಸುತ್ತಳತೆ 11.5 ಸೆಂಟಿಮೀಟರ್. ಆರು ತಿಂಗಳು ದಾಟಿದ, ಐದು ವರ್ಷ ತುಂಬದ ಮಗುವಿನ ತೋಳು ಅದಕ್ಕಿಂತ ಸಣ್ಣದಿದ್ದರೆ ಆ ಮಗುವಿಗೆ ತೀವ್ರ ಅಪೌಷ್ಟಿಕತೆ ಇದೆ ಅಂತ ಅರ್ಥ. ಬೇರೆ ಮಕ್ಕಳು ನಾಲ್ಕು ದಿನದಲ್ಲಿ ಎದ್ದು ಓಡಾಡುವ ಜ್ವರ, ಭೇದಿ ಈ ಮಗುವಿನ ಜೀವಕ್ಕೇ ಬರಬಹುದು.

ನನ್ನ ಕೈಯಲ್ಲಿರುವುದು ಆ ಅಳತೆಯ ಪಟ್ಟಿ. ಕೆಂಪು, ಹಳದಿ, ಹಸಿರು ಅಂತ ಮೂರು ಬಣ್ಣ ಇದೆ. 11.5ರ ಕೆಳಗೆ ಕೆಂಪು, ಅಲ್ಲಿಂದ 12.5ರವರೆಗೆ ಹಳದಿ, ಆಮೇಲೆ ಹಸಿರು. ಇಪ್ಪತ್ತಾರು ವರ್ಷ ಅಂಗನವಾಡಿ ಮೇಲ್ವಿಚಾರಕಿಯಾಗಿ ದಕ್ಷಿಣ ಕೊಡಗಿನಲ್ಲಿ ಆದಿವಾಸಿಗಳ ಹಾಡಿ, ಸರ್ಕಾರಿ ಜಾಗದ ಪೈಸಾರಿ, ತೋಟದ ಕೂಲಿಯವರು ಸಾಲಾಗಿ ಇರುವ ಲೈನ್ ಮನೆ ಅಂತ ತಿರುಗಿದವಳು ನಾನು. ನಿವೃತ್ತಿ ಆದಮೇಲೂ ಈ ಪಟ್ಟಿ ನನ್ನ ಬ್ಯಾಗಿನಲ್ಲೇ ಉಳಿದಿದೆ.

ನಾನು ಎಲ್ಲೇ ಈ ವಿಷಯ ಎತ್ತಿದರೂ ಯಾರಾದರೊಬ್ಬರು ಹೇಳುವ ಮಾತು ಒಂದಿದೆ. "ಅವರಿಗೆ ತಿಳುವಳಿಕೆ ಇಲ್ಲ ಮೇಡಂ. ಏನು ತಿನ್ನಿಸಬೇಕು ಅಂತ ಗೊತ್ತಿಲ್ಲ." ಕೆಟ್ಟ ಮನಸ್ಸಿನಿಂದ ಹೇಳುವುದಲ್ಲ ಅದು. ನಾನೂ ಹಾಗೇ ಅಂದುಕೊಂಡಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಿದ್ದಾಪುರದ ಕಡೆ ಒಂದು ತೋಟದ ಲೈನಿಗೆ ಹೋಗಿದ್ದೆ. ಹತ್ತು ತಿಂಗಳ ಹುಡುಗಿ. ತಕ್ಕಡಿಗೆ ನೇತುಹಾಕಿದರೆ ಮುಳ್ಳು 5 ಕಿಲೋ 200 ಗ್ರಾಂ ತೋರಿಸಿತು. ಚೆನ್ನಾಗಿ ಬೆಳೆದ ಎರಡು ತಿಂಗಳ ಕೂಸು ಅಷ್ಟು ತೂಗುತ್ತದೆ. ನನಗೆ ಸಿಟ್ಟು ಬಂತು. "ದಿನಕ್ಕೆ ನಾಲ್ಕು ಸಲ ತಿನ್ನಿಸಬೇಕು ಅಂತ ಎಷ್ಟು ಸಲ ಹೇಳೋದು? ಗೊತ್ತಾಗೋದಿಲ್ವಾ?" ಅಂತ ಆ ತಾಯಿಗೆ ಎಲ್ಲರೆದುರು ಬೈದೆ. ಅವಳಿಗೆ ಇಪ್ಪತ್ತು ವರ್ಷ ಇದ್ದಿರಬಹುದು. ತಲೆ ತಗ್ಗಿಸಿಯೇ ಹೇಳಿದಳು: "ಗೊತ್ತುಂಟು ಮೇಡಂ. ನಾನು ಮನೇಲಿ ಇರೋದೇ ಎರಡು ಹೊತ್ತು."

ಆವತ್ತು ನಾನು ಬೈದದ್ದಕ್ಕೆ ಇವತ್ತಿಗೂ ನನಗೆ ನೋವಿದೆ. ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ನನಗೆ. ಈಗ ನಾನು ಹೇಳಲು ಹೊರಟಿರುವುದೆಲ್ಲ ಆ ಒಂದು ಮಾತಿನಿಂದ ಕಲಿತದ್ದು.

ಮೊದಲು ಸ್ವಲ್ಪ ಅಂಕಿ ಅಂಶ ನೋಡಿಬಿಡೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಸುಮಾರು 20 ಮಕ್ಕಳು ಎತ್ತರಕ್ಕೆ ತಕ್ಕ ತೂಕ ಇಲ್ಲ. 33 ಮಕ್ಕಳು ವಯಸ್ಸಿಗೆ ತಕ್ಕ ತೂಕ ಇಲ್ಲ. ರಕ್ತಹೀನತೆ ಇರುವವರು ನೂರಕ್ಕೆ 65. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು 61 ಇತ್ತು, ಅಂದರೆ ಜಾಸ್ತಿ ಆಗಿದೆ. ಎತ್ತರ ಕಡಿಮೆ ಅಂದರೆ ತುಂಬ ದಿನದಿಂದ ಕೊರತೆ ಇದೆ ಅಂತ. ಎತ್ತರಕ್ಕೆ ತಕ್ಕ ತೂಕ ಇಲ್ಲ ಅಂದರೆ ಇತ್ತೀಚೆಗೆ ಏನೋ ಪೆಟ್ಟು ಬಿದ್ದಿದೆ ಅಂತ. ಕಾಯಿಲೆ ಇರಬಹುದು, ಹಸಿವು ಇರಬಹುದು, ಎರಡೂ ಇರಬಹುದು.

ಕೊಡಗಿನಲ್ಲಿ ಇದನ್ನು ಹೇಳಿದರೆ ಜನ ಹುಬ್ಬೇರಿಸುತ್ತಾರೆ. ದೇಶದ ಕಾಫಿಯಲ್ಲಿ ಸುಮಾರು 70 ಭಾಗ ಬೆಳೆಯುವುದು ಕರ್ನಾಟಕದಲ್ಲಿ, ಅದರಲ್ಲಿ ದೊಡ್ಡ ಪಾಲು ನಮ್ಮದು. 2011ರ ಜನಗಣತಿಯಲ್ಲಿ ಅಕ್ಷರ ಬಲ್ಲವರು ನೂರಕ್ಕೆ 82ಕ್ಕೂ ಜಾಸ್ತಿ. ಇಂಥ ಜಿಲ್ಲೆಯಲ್ಲಿ ಎಲ್ಲಿಯ ಅಪೌಷ್ಟಿಕತೆ ಅನ್ನಿಸುತ್ತದೆ. ಸರಾಸರಿ ಲೆಕ್ಕದ ತೊಂದರೆಯೇ ಇದು. ಪೇಟೆಯ ಮಗುವನ್ನೂ ತೋಟದ ಮನೆಯ ಮಗುವನ್ನೂ ಲೈನಿನ ಮಗುವನ್ನೂ ಒಂದೇ ತಕ್ಕಡಿಗೆ ಹಾಕಿ ಭಾಗಿಸಿದರೆ ಎಲ್ಲ ಸರಿಯಿರುವ ಹಾಗೆ ಕಾಣುತ್ತದೆ. ಯರವರ, ಜೇನುಕುರುಬರ ಹಾಡಿಗೆ ಹೋಗಿ. ಹೊರಗಿನಿಂದ ಕೂಲಿಗೆ ಬಂದವರು ಇರುವ ಲೈನಿಗೆ ಹೋಗಿ. ಅಲ್ಲಿ ಈ ಪಟ್ಟಿ ಬೇರೆಯೇ ಬಣ್ಣ ತೋರಿಸುತ್ತದೆ.

ಈಗ ಒಂದು ದಿನವನ್ನು ಹತ್ತಿರದಿಂದ ನೋಡೋಣ. ಜನವರಿ ತಿಂಗಳು. ರೋಬಸ್ಟಾ ಕಾಫಿಯ ಕೊಯ್ಲು.

ತಾಯಿ ಎದ್ದಾಗ ಇನ್ನೂ ಕತ್ತಲೆ. ನೀರು ತರಬೇಕು, ಒಲೆ ಹಚ್ಚಬೇಕು. ಅನ್ನ ಒಂದು ಪಾತ್ರೆ, ಸಾರು ಒಂದು ಪಾತ್ರೆ ಮಾಡಿಟ್ಟರೆ ಅದೇ ಇಡೀ ಹಗಲಿಗೆ. ಬೆಲ್ಲದ ಕರಿಕಾಫಿ ಕಾಯಿಸಿ ಎಲ್ಲರೂ ಕುಡಿಯುತ್ತಾರೆ, ಕೂಸಿಗೂ ಎರಡು ಗುಟುಕು. ಎಂಟು ಗಂಟೆಗೆಲ್ಲ ಅವಳು ತೋಟದಲ್ಲಿರಬೇಕು. ಕೂಸು ಯಾರ ಹತ್ತಿರ? ಏಳು ವರ್ಷದ ಅಕ್ಕನ ಹತ್ತಿರ. ಆ ಅಕ್ಕ ಶಾಲೆಗೆ ಹೋಗಬೇಕಾದವಳು. ಕೊಯ್ಲಿನ ಮೂರು ತಿಂಗಳು ಅವಳ ಹಾಜರಿ ಯಾಕೆ ಇಳಿಯುತ್ತದೆ ಅಂತ ಇಲ್ಲಿರುವ ಟೀಚರುಗಳಿಗೆ ಚೆನ್ನಾಗಿ ಗೊತ್ತು.

ಕೊಯ್ಲಿನಲ್ಲಿ ಹೆಚ್ಚಿನ ಕಡೆ ಕಿಲೋ ಲೆಕ್ಕದ ಕೂಲಿ. ಎಷ್ಟು ಹಣ್ಣು ಕುಯ್ದರೋ ಅಷ್ಟು ದುಡ್ಡು. ವರ್ಷದಲ್ಲಿ ನಾಲ್ಕು ಕಾಸು ಕಾಣುವುದೇ ಈ ತಿಂಗಳುಗಳಲ್ಲಿ. ಈಗ ಯೋಚಿಸಿ. ಹತ್ತೂವರೆಗೆ ಎದೆ ತುಂಬಿ ನೋಯುತ್ತದೆ, ಮಗು ಲೈನಿನಲ್ಲಿ ಅಳುತ್ತಿರುತ್ತದೆ ಅಂತ ಅವಳಿಗೆ ಗೊತ್ತು. ಹೋಗಿ ಹಾಲು ಕೊಟ್ಟು ಬರಲು ಮುಕ್ಕಾಲು ಗಂಟೆ ಬೇಕು. ಆ ಮುಕ್ಕಾಲು ಗಂಟೆಯ ಹಣ್ಣು ಅವಳ ಲೆಕ್ಕದಿಂದ ಹೋಗುತ್ತದೆ. ಮೊದಲೇ ತೆಗೆದುಕೊಂಡ ಅಡ್ವಾನ್ಸ್ ಬೇರೆ ತೀರಬೇಕು. ಅವಳು ಹೋಗುವುದಿಲ್ಲ. ಸೀರೆಯ ಮೇಲೆ ಹಾಕಿಕೊಂಡ ಹಳೇ ಅಂಗಿ ಎದೆಯ ಹತ್ತಿರ ಒದ್ದೆಯಾಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮಗುವಿಗೆ ಹೋಗಬೇಕಾದ ಹಾಲು ಅದು.

ಇತ್ತ ಲೈನಿನಲ್ಲಿ ಅಕ್ಕ ಏನು ಮಾಡುತ್ತಾಳೆ? ತಣ್ಣಗಾದ ಅನ್ನಕ್ಕೆ ಸಾರಿನ ನೀರು ಹಾಕಿ ಎರಡು ತುತ್ತು ಇಡುತ್ತಾಳೆ. ಕೂಸು ಉಗುಳುತ್ತದೆ. ಏಳು ವರ್ಷದವಳಿಗೆ ಎಷ್ಟು ತಾಳ್ಮೆ ಇರುತ್ತದೆ? ಹತ್ತು ರೂಪಾಯಿಯ ಪ್ಯಾಕೆಟ್ ಒಡೆದು ಕೈಗೆ ಕೊಡುತ್ತಾಳೆ. ಅದು ಉಪ್ಪು ಖಾರ, ಕೂಸು ಸುಮ್ಮನಾಗುತ್ತದೆ. ಹೊರಗಿನಿಂದ ನೋಡುವ ನಾವು "ನೋಡಿ, ಮೊಟ್ಟೆ ತೆಗೆದುಕೊಳ್ಳುವ ದುಡ್ಡಲ್ಲಿ ಪ್ಯಾಕೆಟ್ ತರುತ್ತಾರೆ" ಅನ್ನುತ್ತೇವೆ. ಪ್ಯಾಕೆಟ್‌ಗೆ ಒಲೆ ಬೇಡ. ಏಳು ವರ್ಷದ ಹುಡುಗಿ ಬೆಂಕಿ ಮುಟ್ಟದೆ ಕೊಡಬಹುದಾದದ್ದು ಅದೊಂದೇ.

ಪುಟ್ಟ ಮಗುವಿನ ಹೊಟ್ಟೆ ಅದರ ಮುಷ್ಟಿಗಿಂತ ತುಂಬ ದೊಡ್ಡದೇನೂ ಇರುವುದಿಲ್ಲ. ಒಂದೇ ಸಲ ತಟ್ಟೆ ತುಂಬ ತಿನ್ನುವುದಕ್ಕೆ ಆಗುವುದಿಲ್ಲ. ಅದಕ್ಕೇ ಒಂಬತ್ತು ತಿಂಗಳಿಂದ ಎರಡು ವರ್ಷದವರೆಗೆ ಎದೆಹಾಲಿನ ಜೊತೆ ದಿನಕ್ಕೆ ಮೂರು ನಾಲ್ಕು ಸಲ ಗಟ್ಟಿ ಊಟ, ನಡುವೆ ಏನಾದರೂ ತಿನಿಸು ಅಂತ ಹೇಳುವುದು. ನೀರು ನೀರಾದ ಗಂಜಿ ಹೊಟ್ಟೆ ತುಂಬಿಸುತ್ತದೆ, ಬಲ ಕೊಡುವುದಿಲ್ಲ. ಒಂದು ಚಮಚ ಎಣ್ಣೆಯೋ ತುಪ್ಪವೋ ಬೆರೆಸಿದರೆ ಅದೇ ತುತ್ತಿಗೆ 45 ಕ್ಯಾಲೊರಿ ಸೇರಿಕೊಳ್ಳುತ್ತದೆ. ರಾಗಿ ಆಗಬಹುದು, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೊಟೀನ್. ಇದೆಲ್ಲ ನಾವು ತಾಯಂದಿರ ಸಭೆಯಲ್ಲಿ ಹೇಳುತ್ತಲೇ ಬಂದಿದ್ದೇವೆ. ಅವರು ನಮಗೆ ತಿರುಗಿಸಿ ಹೇಳುವಷ್ಟು ಕಲಿತಿದ್ದಾರೆ. ಆದರೆ ನಾಲ್ಕು ಸಲ ತಿನ್ನಿಸಲು ನಾಲ್ಕು ಸಲ ಒಬ್ಬರು ಪಕ್ಕದಲ್ಲಿ ಕೂತಿರಬೇಕಲ್ಲ?

ಅಂಗನವಾಡಿ ಇಲ್ವಾ ಅಂತ ನೀವು ಕೇಳಬಹುದು. ಇದೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಈ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ, ಇಲ್ಲಿಂದ ದೂರವೇನಲ್ಲ. ಅಂಗನವಾಡಿ ಇಲ್ಲದಿದ್ದರೆ ಪರಿಸ್ಥಿತಿ ಇನ್ನೂ ಎಷ್ಟು ಕೆಟ್ಟದಿರುತ್ತಿತ್ತು ಅಂತ ನೆನೆಯಲೂ ಆಗುವುದಿಲ್ಲ. ಆದರೆ ಅಲ್ಲಿ ಕೂತು ಉಣ್ಣುವವರು ಮೂರರಿಂದ ಆರು ವರ್ಷದ ಮಕ್ಕಳು. ಆರು ತಿಂಗಳಿಂದ ಮೂರು ವರ್ಷದ ಕೂಸುಗಳಿಗೆ ಪುಷ್ಟಿ ಪುಡಿ ಮನೆಗೆ ಕೊಟ್ಟು ಕಳಿಸುತ್ತೇವೆ. ಮಗು ಸೊರಗುವುದು ಶುರುವಾಗುವುದೇ ಈ ವಯಸ್ಸಿನಲ್ಲಿ. ಗರ್ಭ ನಿಂತ ದಿನದಿಂದ ಎರಡು ವರ್ಷ ತುಂಬುವವರೆಗಿನ ಸಾವಿರ ದಿನದಲ್ಲಿ ಕಳೆದುಕೊಂಡ ಎತ್ತರ ಆಮೇಲೆ ಪೂರ್ತಿ ವಾಪಸ್ ಬರುವುದು ತುಂಬ ಕಷ್ಟ. ಆ ಸಾವಿರ ದಿನದ ಮಗುವನ್ನು ನಾವು ಹಗಲೆಲ್ಲ ಅಕ್ಕನ ಸೊಂಟದ ಮೇಲೆ ಬಿಟ್ಟಿದ್ದೇವೆ.

ತಾಯಿಗೂ ಹಾಗೆಯೇ. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಶುರುವಾಯಿತು. ಗರ್ಭಿಣಿ, ಬಾಣಂತಿ ಅಂಗನವಾಡಿಗೆ ಬಂದು ಮಧ್ಯಾಹ್ನ ಬಿಸಿ ಊಟ ಮಾಡಬೇಕು. ಒಳ್ಳೆಯ ಯೋಜನೆ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ತಿನ್ನುವ ಹೆಂಗಸಿಗೆ ತನ್ನದೇ ಒಂದು ತಟ್ಟೆ ಸಿಗುತ್ತದೆ. ಆದರೆ ಒಂದು ಗಂಟೆಗೆ ಅವಳು ಕಾಫಿ ಗಿಡದ ನಡುವೆ ಇರುತ್ತಾಳೆ. ಅಂಗನವಾಡಿ ಎರಡು ಕಿಲೋಮೀಟರ್ ಆಚೆ. ದಾರಿಯಲ್ಲಿ ಆನೆ. ನಗಬೇಡಿ. ಸಿದ್ದಾಪುರ, ತಿತಿಮತಿ, ಪಾಲಿಬೆಟ್ಟದ ಕಡೆಯವರಿಗೆ ಇದು ನಗುವ ವಿಷಯ ಅಲ್ಲ. ತೋಟದೊಳಗೇ ಬೀಡುಬಿಟ್ಟ ಆನೆ ಹಿಂಡಿನ ಸುದ್ದಿ ಬಂದ ದಿನ ಯಾವ ತಾಯಿ ಮೂರು ವರ್ಷದ ಮಗುವನ್ನು ನಡೆಸಿಕೊಂಡು ಹೋಗುತ್ತಾಳೆ?

ಮಳೆಗಾಲಕ್ಕೆ ಬರೋಣ. ನನ್ನ ಹಳೇ ತೂಕದ ಪುಸ್ತಕಗಳನ್ನು ತೆಗೆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೆರೆ ಕೆಳಗೆ ಬಾಗುವುದು ಎದ್ದು ಕಾಣುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನದೆಲ್ಲ ಈ ನಾಲ್ಕು ತಿಂಗಳಲ್ಲಿ. ಮಳೆ ಹಿಡಿದರೆ ತೋಟದಲ್ಲಿ ಕೆಲಸ ಕಡಿಮೆ, ಕೂಲಿ ಕಡಿಮೆ. ಸೌದೆ ಒದ್ದೆ. ಒದ್ದೆ ಸೌದೆಯಲ್ಲಿ ಎರಡು ಹೊತ್ತು ಒಲೆ ಹಚ್ಚಿ ನೋಡಿ, ಕಣ್ಣು ಉರಿದು ಸಾಕಾಗುತ್ತದೆ. ಹಾಗಾಗಿ ಒಂದು ಹೊತ್ತಿನ ಅಡುಗೆ. ಕಿಟಕಿ ಇಲ್ಲದ ಒಂದೇ ಕೋಣೆಯಲ್ಲಿ ಹೊಗೆ ತುಂಬುತ್ತದೆ, ಅಲ್ಲೇ ಕೂಸು ಮಲಗಿರುತ್ತದೆ. ಕೆಮ್ಮು, ಕಫ. ಉಸಿರಾಡಲು ಒದ್ದಾಡುವ ಮಗು ಹಾಲು ಕುಡಿಯುವುದಿಲ್ಲ. ಜ್ವರದಲ್ಲಿ ತಿಂದದ್ದಕ್ಕಿಂತ ಕರಗುವುದೇ ಜಾಸ್ತಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಏನಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ. ಆ ವರ್ಷ ಸುದ್ದಿಯಾಯಿತು. ಪ್ರತಿ ವರ್ಷ ಲೈನಿನ ಒಳಗೆ ನಡೆಯುವುದು ಸುದ್ದಿಯಾಗುವುದಿಲ್ಲ.

ಹಿಂದೆಯೂ ಮಳೆಗಾಲ ಇತ್ತಲ್ಲ, ಆಗ ಹೇಗೆ ಬದುಕಿದರು ಅಂತ ಕಾಲೇಜಿನ ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಒಳ್ಳೆಯ ಪ್ರಶ್ನೆ. ನಮ್ಮ ಮಳೆಗಾಲ ಹಸಿವಿನ ಕಾಲವೂ ಹೌದು, ಸೊಪ್ಪಿನ ಕಾಲವೂ ಹೌದು. ಕಣಿಲೆ ಅಂದರೆ ಎಳೆ ಬಿದಿರು, ಅಣಬೆ, ಕೆಸ, ತೆರ್ಮೆ ಸೊಪ್ಪು, ಗದ್ದೆಯ ಏಡಿ, ಸಣ್ಣ ಮೀನು. ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡದ ಮನೆ ನಮ್ಮಲ್ಲಿ ಇದೆಯಾ? ಹಾಡಿಯ ಜನಕ್ಕಂತೂ ಕಾಡುಗೆಣಸು, ಜೇನು, ಹತ್ತು ಹದಿನೈದು ಬಗೆಯ ಸೊಪ್ಪು. ಅಕ್ಕಿ ಸಾಲದ ದಿನಗಳಲ್ಲಿ ಇವೇ ಮಕ್ಕಳನ್ನು ಕಾಪಾಡಿದವು. ಅಕ್ಕಿಯಲ್ಲಿ ಸಿಗದ ಕಬ್ಬಿಣ, ಸುಣ್ಣ, ಜೀವಸತ್ವ ಎಲ್ಲ ಇವುಗಳಿಂದಲೇ ಬರುತ್ತಿದ್ದದ್ದು.

ಅವು ಈಗ ತಟ್ಟೆಯಲ್ಲಿಲ್ಲ. ಕಾರಣ ಒಂದೇ ಅಲ್ಲ. ಕಾಡು ಮುಚ್ಚಿತು. 1972ರ ವನ್ಯಜೀವಿ ಕಾಯ್ದೆಯ ನಂತರ ನಾಗರಹೊಳೆಯ ಒಳಗಿದ್ದ ಎಷ್ಟೋ ಕುಟುಂಬ ಹೊರಗೆ ಬಂದು ತೋಟದ ಕೂಲಿಗಳಾದರು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಉತ್ಪನ್ನ ತರುವ ಹಕ್ಕು ಕೊಟ್ಟಿದೆ. ಆದರೆ ಕಾಡಂಚಿನಲ್ಲಿ ಗೆಣಸು ಅಗೆಯುವ ಹೆಂಗಸಿಗೆ ಇವತ್ತೂ ಎದೆ ಹೊಡೆದುಕೊಳ್ಳುತ್ತದೆ. ಗದ್ದೆ ಕಡಿಮೆಯಾಯಿತು. ಬೈಲು ಪಾಳು ಬಿತ್ತು, ಇಲ್ಲವೇ ಶುಂಠಿಗೆ ಹೋಯಿತು. ಔಷಧಿ ಸುರಿದ ಬೈಲಿನಲ್ಲಿ ಏಡಿ ಎಲ್ಲಿಂದ ಬರಬೇಕು? ತೋಟದಲ್ಲಿ ಕಳೆ ಕುಯ್ಯಲು ಆಳು ಸಿಗುವುದಿಲ್ಲ ಅಂತ ಕಳೆನಾಶಕ ಹೊಡೆಯುತ್ತಾರೆ. ನಾವು ಕಳೆ ಅನ್ನುವುದರಲ್ಲಿ ಅರ್ಧ ಅವರ ಪಲ್ಯ. ಒಬ್ಬ ಅಜ್ಜಿ ನನಗೆ ಒಂದು ಬುಡ ತೋರಿಸಿ, "ಇದು ಸಾರಿಗೆ ಬಹಳ ಚೆನ್ನ. ಆದರೆ ಮೊನ್ನೆ ಔಷಧಿ ಹೊಡೆದರು" ಅಂತ ಕೈ ಹಿಂದೆಗೆದುಕೊಂಡಳು. ಆ ಕೈ ನನಗೆ ಮರೆಯುವುದಿಲ್ಲ.

ಇನ್ನು ನೀರು. ನಮ್ಮ ಅಜ್ಜಿಯಂದಿರು ಒಂದು ಮಾತು ಹೇಳುತ್ತಿದ್ದರು, "ಎಷ್ಟು ತಿಂದರೂ ಮೈಗೆ ಹತ್ತೋದಿಲ್ಲ" ಅಂತ. ಅದು ಸುಮ್ನೆ ಹೇಳಿದ ಮಾತಲ್ಲ. ಕರುಳಿನ ಒಳಗೋಡೆ ಹೊಸ ಟವೆಲಿನ ಹಾಗೆ ಇರುತ್ತದೆ. ಲಕ್ಷಾಂತರ ಸಣ್ಣ ಎಳೆಗಳು ಎದ್ದು ನಿಂತಿರುತ್ತವೆ. ಊಟದ ಸಾರ ಹೀರುವುದು ಅವೇ. ಕೊಳಕು ನೀರು, ಮಲದ ಸೋಂಕು ದಿನಾ ಹೊಟ್ಟೆಗೆ ಹೋಗುತ್ತಿದ್ದರೆ ಆ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಸವೆದ ಟವೆಲು ನೀರು ಹೀರುತ್ತದಾ? ಭೇದಿ ಕಣ್ಣಿಗೆ ಕಾಣದಿದ್ದರೂ ಇದು ಒಳಗೊಳಗೇ ನಡೆಯುತ್ತಿರುತ್ತದೆ. ಆಮೇಲೆ ಮೊಟ್ಟೆ ಕೊಟ್ಟರೂ ಅರ್ಧ ಪ್ರಯೋಜನ. ಹತ್ತು ಮನೆಯ ಲೈನಿಗೆ ಎರಡು ಶೌಚಾಲಯ, ಅದರಲ್ಲಿ ಒಂದಕ್ಕೆ ಬಾಗಿಲಿಲ್ಲ, ನೀರು ತೋಡಿನಿಂದ. ಕೊಯ್ಲಿನ ತಿಂಗಳಲ್ಲಿ ಅದೇ ತೋಡಿಗೆ ಮೇಲಿನಿಂದ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಕೊಳೆನೀರು ಬಿಟ್ಟರೆ ಕೆಳಗಿನ ಲೈನಿನವರು ಆ ವಾಸನೆಯ ನೀರನ್ನೇ ತುಂಬಿಕೊಳ್ಳಬೇಕು. ಎಲ್ಲರೂ ಬಿಡುತ್ತಾರೆ ಅಂತ ನಾನು ಹೇಳುವುದಿಲ್ಲ. ಗುಂಡಿ ತೋಡಿ, ಶುದ್ಧ ಮಾಡಿ ಬಿಡುವ ಬೆಳೆಗಾರರು ಇದ್ದಾರೆ. ಅವರಿಗೆ ನನ್ನ ನಮಸ್ಕಾರ.

ಕಾಫಿ ತೋಟದ ನೆಲದ ಬಗ್ಗೆಯೂ ಒಂದು ಮಾತು. ನೆರಳು, ತೇವ, ಮೆತ್ತನೆಯ ಮಣ್ಣು. ಗಿಡಕ್ಕೆ ಹಿತವಾದ ಈ ಮಣ್ಣು ಕೊಕ್ಕೆಹುಳುವಿಗೂ ಹಿತ. ಬಯಲಲ್ಲಿ ಶೌಚಕ್ಕೆ ಹೋದ ಜಾಗದಲ್ಲಿ ಹುಳದ ಮರಿಗಳು ಮಣ್ಣಲ್ಲಿ ಕಾಯುತ್ತಿರುತ್ತವೆ. ಬರಿಗಾಲಿನ ಚರ್ಮದ ಮೂಲಕವೇ ಒಳಗೆ ಹೋಗಿ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ತಾಯಿಗೂ ಇದೆ, ಮಗುವಿಗೂ ಇದೆ. ಫೆಬ್ರವರಿ 10ರಂದು ಶಾಲೆ ಅಂಗನವಾಡಿಗಳಲ್ಲಿ ಹುಳದ ಮಾತ್ರೆ ಕೊಡುತ್ತಾರೆ, ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ. ಆದರೆ ಫೆಬ್ರವರಿ ಅಂದರೆ ಕೊಯ್ಲು. ಆವತ್ತು ಮಗು ಎಲ್ಲಿರುತ್ತದೆ ಅಂತ ಆಗಲೇ ಹೇಳಿದೆ. ಮಾತ್ರೆಯ ಜೊತೆ ಒಂದು ಜೋಡಿ ಚಪ್ಪಲಿಯೂ ಮದ್ದೇ. ಇನ್ನೊಂದು, ಊಟದ ಜೊತೆಗೇ ಕರಿಕಾಫಿ, ಟೀ ಕುಡಿದರೆ ಸೊಪ್ಪು ಕಾಳಿನಲ್ಲಿರುವ ಕಬ್ಬಿಣ ಮೈಗೆ ಸರಿಯಾಗಿ ಸೇರುವುದಿಲ್ಲ. ಇದು ನಮ್ಮೆಲ್ಲರ ಮನೆಗೂ ಹೇಳುವ ಮಾತು. ಮಕ್ಕಳಿಗಂತೂ ಕಾಫಿ ಬೇಡವೇ ಬೇಡ.

ಸೊಪ್ಪು ಬೆಳೆದುಕೊಳ್ಳಬಹುದಲ್ಲ ಅಂತ ಇಲ್ಲಿ ಯಾರೋ ಆಗಲೇ ಪಕ್ಕದವರ ಹತ್ತಿರ ಹೇಳಿದ್ದು ಕೇಳಿಸಿತು. ನಾನೂ ಹಾಗೇ ಯೋಚಿಸಿದೆ. ಮಳೆ ಸ್ವಲ್ಪ ಕಡಿಮೆ ಇರುವ ಕಡೆ ಒಂದು ಲೈನಿನ ಎಂಟು ಮನೆಗೂ ನುಗ್ಗೆಯ ಕೊಂಬೆ ಹೊತ್ತುಕೊಂಡು ಹೋಗಿ ಕೊಟ್ಟೆ. ಹೆಂಗಸರು ಖುಷಿಯಿಂದ ಮನೆ ಹಿಂದೆ ನೆಟ್ಟರು. ಎರಡು ತಿಂಗಳ ನಂತರ ಹೋದರೆ ಒಂದೂ ಇಲ್ಲ. ಎಂಟು ಗುಂಡಿ ಮಾತ್ರ ಇತ್ತು. ತೋಟದ ಲೆಕ್ಕ, ಆಳು ನೋಡಿಕೊಳ್ಳುವ ರೈಟರ್ ಕೀಳಿಸಿದ್ದರು. ಕೇಳಿದ್ದಕ್ಕೆ, "ಇವತ್ತು ಗಿಡ ನೆಡ್ತಾರೆ, ನಾಳೆ ಜಾಗ ನಮ್ಮದು ಅಂತಾರೆ ಮೇಡಂ" ಅಂದರು. ಕೋಳಿ ಸಾಕಲು ಬಿಡುವುದಿಲ್ಲ, ಕಾಫಿ ಒಣಗಿಸುವ ಕಣಕ್ಕೆ ಬರುತ್ತವೆ ಅಂತ. ಅವರವರ ಕಾರಣ ಅವರಿಗಿದೆ. ಆದರೆ ಮನೆ ಹಿಂದೆ ಒಂದು ಗಿಡ, ನಾಲ್ಕು ಕೋಳಿ ಇಟ್ಟುಕೊಳ್ಳುವ ಹಕ್ಕಿಲ್ಲದವರಿಗೆ ಪೌಷ್ಟಿಕ ಕೈತೋಟದ ಬಗ್ಗೆ ಚಿತ್ರ ಬರೆದು ತೋರಿಸಿದೆನಲ್ಲ, ಅದು ನನಗೆ ಬಹಳ ದಿನ ಕಾಡಿತು.

ಸ್ವಂತ ನೆಲ ಇಲ್ಲ ಅಂದರೆ ವಿಳಾಸ ಇಲ್ಲ. ವಿಳಾಸ ಇಲ್ಲದಿದ್ದರೆ ರೇಷನ್ ಕಾರ್ಡ್ ಕಷ್ಟ, ತಾಯಿ ಕಾರ್ಡ್ ಕಷ್ಟ, ಈ ತೋಟದಿಂದ ಆ ತೋಟಕ್ಕೆ ಹೋದರೆ ಮಗುವಿನ ಹೆಸರು ಎರಡೂ ಅಂಗನವಾಡಿಯಲ್ಲಿ ಇಲ್ಲ. ಲೈನಿನಿಂದ ಹೊರಗೆ ಬಂದು ತಮ್ಮದೇ ಅನ್ನುವ ಒಂದು ಸೂರು ಬೇಕು ಅಂತ ನಮ್ಮ ಕೊಡಗಿನ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡ ಆದಿವಾಸಿಗಳು 500ಕ್ಕೂ ಹೆಚ್ಚು ಕುಟುಂಬ. 2016ರ ಡಿಸೆಂಬರ್‌ನಲ್ಲಿ ಆ ಗುಡಿಸಲು ಕೆಡವಿದರು. ಚಳಿಯಲ್ಲಿ ಮರದಡಿ ಕೂತ ಬಾಣಂತಿಯರನ್ನು ಇಡೀ ರಾಜ್ಯ ಟಿವಿಯಲ್ಲಿ ನೋಡಿತು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕಟ್ಟಿಕೊಟ್ಟರು. ಆ ಹೋರಾಟವನ್ನು ಎಲ್ಲರೂ ಭೂಮಿಯ ವಿಷಯ ಅಂತ ನೋಡಿದರು. ನಾನು ಅದನ್ನು ಮಕ್ಕಳ ತಟ್ಟೆಯ ವಿಷಯ ಅಂತಲೂ ನೋಡಿದೆ.

ಕುಡಿತದ ಬಗ್ಗೆ ಕೇಳಿಯೇ ಕೇಳುತ್ತೀರಿ. ಹೌದು, ಇದೆ. ವಾರದ ಬಟವಾಡೆ ಆಗಿ ಸಂತೆಗೆ ಹೋದ ಗಂಡ ಬರಿಗೈಯಲ್ಲಿ ಬರುವುದನ್ನು ನೋಡಿದ್ದೇನೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಕುಡಿಯದ ಮನೆಗಳಲ್ಲೂ ಪಟ್ಟಿ ಹಳದಿ ತೋರಿಸಿದ್ದನ್ನೂ ನೋಡಿದ್ದೇನೆ. ಎಲ್ಲವನ್ನೂ ಬಾಟಲಿಯ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳುವುದು ಸರಿಯಲ್ಲ.

ಆ ಹತ್ತು ತಿಂಗಳ ಹುಡುಗಿಯ ಕಥೆ ಮುಗಿಸಿಲ್ಲ ನಾನು. ಅವಳು ಬದುಕಿದಳು. ಕಾಲು ನೋವಿನಿಂದ ತೋಟದ ಕೆಲಸ ಬಿಟ್ಟಿದ್ದ ಒಬ್ಬ ಅಜ್ಜಿ ಅದೇ ಲೈನಿನಲ್ಲಿದ್ದರು. ಹಗಲು ಕೂಸನ್ನು ನಾನು ನೋಡಿಕೊಳ್ಳುತ್ತೇನೆ ಅಂದರು. ನಮ್ಮ ಸಹಾಯಕಿ ಪುಡಿ ತಂದುಕೊಟ್ಟಳು. ಅಜ್ಜಿ ಅದನ್ನು ಬೆಲ್ಲ ಹಾಕಿ ಕಾಯಿಸಿ, ಕಥೆ ಹೇಳುತ್ತಾ, ಹೊತ್ತು ಹೊತ್ತಿಗೆ ಬೆರಳಿಂದ ತಿನ್ನಿಸಿದರು. ಹೊಸ ಔಷಧಿ ಏನೂ ಇರಲಿಲ್ಲ. ಅವರು ಅಲ್ಲಿ ಕೂತಿದ್ದರು, ಅಷ್ಟೇ. ಆದರೆ ಆ ಹುಡುಗಿ ಎತ್ತರ ಬೆಳೆಯ‌ಲಿಲ್ಲ. ಹದಿನೇಳಕ್ಕೇ ಮದುವೆಯಾಯಿತು. ಹದಿನೆಂಟಕ್ಕೆ ಹೆತ್ತಳು. ಮಗು 2 ಕಿಲೋ 100 ಗ್ರಾಂ. ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಕಡಿಮೆ ತೂಕ ಅಂತಲೇ ಲೆಕ್ಕ. ಮೊದಲು ಹೇಳಿದ 2019–21ರ ಸಮೀಕ್ಷೆಯಲ್ಲೇ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 48 ಮಂದಿಗೆ ರಕ್ತಹೀನತೆ. 20ರಿಂದ 24 ವಯಸ್ಸಿನ ನೂರು ಹೆಂಗಸರಲ್ಲಿ 21 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆ ಆಗಿತ್ತು. ಆ ಮಗುವನ್ನು ತೂಗುವಾಗ ನನಗೆ ಅದರ ಅಮ್ಮನ ತೂಕ ನೆನಪಾಯಿತು.

ಹಾಗಾದರೆ ಏನು ಮಾಡಬೇಕು? ಬೆಳೆಗಾರರು ಇಲ್ಲಿ ಇದ್ದೀರಿ, ಅದಕ್ಕೇ ನೇರವಾಗಿ ಕೇಳುತ್ತೇನೆ. ಮಕ್ಕಳ ಕೋಣೆ ಮಾಡಿ. ಇದು ಹೊಸ ಮಾತಲ್ಲ. 50 ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳ ಕೋಣೆ ಇರಬೇಕು ಅಂತ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ನಮ್ಮಲ್ಲಿ ಹೆಚ್ಚಿನವು ಸಣ್ಣ ತೋಟಗಳು, ಐದು ಹತ್ತು ಎಕರೆಯವು. ಕಾನೂನು ನಿಮ್ಮನ್ನು ಮುಟ್ಟುವುದಿಲ್ಲ. ಆದರೆ ಅಕ್ಕಪಕ್ಕದ ನಾಲ್ಕು ತೋಟ ಸೇರಿ ಒಂದು ಕೋಣೆ ಮಾಡಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಒಂದು ತೋಟದಲ್ಲಿ ಕಣದ ಪಕ್ಕದ ಹಳೇ ಗೋದಾಮು ಖಾಲಿ ಮಾಡಿ, ಸುಣ್ಣ ಹೊಡೆಸಿ, ತೊಟ್ಟಿಲು ಕಟ್ಟಿದ್ದರು. ವಯಸ್ಸಾದ ಇಬ್ಬರು ಹೆಂಗಸರಿಗೆ ಪೂರ್ತಿ ದಿನಗೂಲಿ ಕೊಟ್ಟು ಮಕ್ಕಳನ್ನು ನೋಡಿಕೊಳ್ಳಲು ಬಿಟ್ಟರು. ಹಾಲು ಕೊಡಲು ಬರುವ ತಾಯಿಗೆ ಕಿಲೋ ಲೆಕ್ಕದಲ್ಲಿ ಕಳೆಯದೆ ದಿನಕ್ಕೆ ಇಷ್ಟು ಅಂತ ಸೇರಿಸಿ ಕೊಟ್ಟರು. ಹಳದಿಯಲ್ಲಿದ್ದ ಮಕ್ಕಳು ಕೊಯ್ಲು ಮುಗಿಯುವ ಹೊತ್ತಿಗೆ ಒಬ್ಬೊಬ್ಬರೇ ಹಸಿರಿಗೆ ಬಂದರು. ಅಕ್ಕಂದಿರು ಶಾಲೆಗೆ ಹೋದರು. ಮಾರನೇ ವರ್ಷ ಅದೇ ತಾಯಂದಿರು ಆ ತೋಟಕ್ಕೇ ಕೆಲಸಕ್ಕೆ ಬಂದರು ಅಂತ ಮಾಲೀಕರು ಆಮೇಲೆ ನನಗೆ ಹೇಳಿದರು. ಆಳು ಸಿಗುವುದಿಲ್ಲ ಅನ್ನುವ ಈ ಕಾಲದಲ್ಲಿ ಅದನ್ನೂ ಯೋಚಿಸಿ.

ಸರ್ಕಾರವೂ 2023ರಲ್ಲಿ ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆ ಪಂಚಾಯಿತಿ ಮಟ್ಟದಲ್ಲಿ ಕೂಸಿನ ಮನೆ ಶುರು ಮಾಡಿತು. ಅದೇ ಯೋಚನೆ ತೋಟದ ಕೂಲಿಯವರ ಮಕ್ಕಳಿಗೂ ಬೇಕು, ಕೊಯ್ಲಿನ ಸಮಯಕ್ಕೆ ಬೆಳಗ್ಗೆ ಏಳೂವರೆಗೇ ತೆರೆಯಬೇಕು. ಮಗು ಕೆಂಪಿಗೆ ಬಂದರೆ ಪೌಷ್ಟಿಕ ಪುನರ್ವಸತಿ ಕೇಂದ್ರದಲ್ಲಿ ಹದಿನಾಲ್ಕು ದಿನ ಇಟ್ಟುಕೊಂಡು ನೋಡುತ್ತಾರೆ. ತಾಯಿಗೂ ದಿನಕ್ಕಿಷ್ಟು ಅಂತ ದುಡ್ಡು ಕೊಡುತ್ತಾರೆ. ಆದರೂ ಹೋಗಲು ಒಪ್ಪುವುದಿಲ್ಲ. ಮನೆಯಲ್ಲಿ ಇನ್ನೆರಡು ಮಕ್ಕಳಿರುತ್ತವೆ, ಕೆಲಸ ಹೋಗುವ ಭಯ ಇರುತ್ತದೆ. "ಹೋಗಿ ಬಾ, ನಿನ್ನ ಕೆಲಸ ಎಲ್ಲೂ ಹೋಗೋದಿಲ್ಲ" ಅಂತ ನೀವು ಒಂದು ಮಾತು ಹೇಳಿದರೆ ಅವಳು ಜೀಪ್ ಹತ್ತುತ್ತಾಳೆ. ನಾನು ಹತ್ತು ಸಲ ಹೇಳಿದರೂ ಹತ್ತದವಳು ನಿಮ್ಮ ಒಂದು ಮಾತಿಗೆ ಹತ್ತಿದ್ದನ್ನು ಕಂಡಿದ್ದೇನೆ. ಮತ್ತೆ ಆ ನುಗ್ಗೆ ಗಿಡ. ಜಾಗ ನಮ್ಮದು ಅಂತ ಯಾರೂ ಕೇಳುವುದಿಲ್ಲ. ಮನೆ ಹಿಂದಿನ ಹತ್ತಡಿಯಲ್ಲಿ ಅವರಿಗೆ ಬೇಕಾದ್ದು ನೆಟ್ಟುಕೊಳ್ಳಲು ಬಿಡಿ. ಆ ಹತ್ತಡಿಗೆ ಔಷಧಿ ಹೊಡೆಸಬೇಡಿ.

ನನ್ನ ಮಾತು ಇಷ್ಟೇ ಇತ್ತು. ಸಭೆ ಮುಗಿದ ಮೇಲೆ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಹಿರಿಯ ಬೆಳೆಗಾರರೊಬ್ಬರು ಹತ್ತಿರ ಬಂದರು. "ನಮ್ಮ ಲೈನಿನಲ್ಲಿ ಐದು ವರ್ಷದ ಒಳಗಿನ ಮಕ್ಕಳು ಎಷ್ಟಿದ್ದಾರೆ ಅಂತ ಯೋಚಿಸಿದೆ. ನನಗೆ ಗೊತ್ತಿಲ್ಲ ನೋಡಿ. ದನ ಎಷ್ಟಿದೆ ಅಂತ ಗೊತ್ತು" ಅಂದರು. ಅವರ ಕಣ್ಣು ತುಂಬಿತ್ತು. ನಾನು ಬ್ಯಾಗಿನಿಂದ ಪಟ್ಟಿ ತೆಗೆದು ಅವರ ಕೈಗೆ ಕೊಟ್ಟೆ. ಪಕ್ಕದಲ್ಲಿ ಅವರ ಮೊಮ್ಮಗಳು ನಿಂತಿದ್ದಳು, ನಾಲ್ಕು ವರ್ಷದವಳು. ಅವಳ ತೋಳಲ್ಲೇ ತೋರಿಸಿದೆ. ಎಡಗೈ. ಭುಜದ ಮೂಳೆಗೂ ಮೊಣಕೈಗೂ ನಡುಮಧ್ಯೆ ಒಂದು ಗುರುತು. ಕೈ ಸಡಿಲವಾಗಿ ಇಳಿಬಿಡಲಿ. ಪಟ್ಟಿ ಚರ್ಮಕ್ಕೆ ತಾಗಿರಬೇಕು, ಬಿಗಿಯಬಾರದು. ಕಿಂಡಿಯಲ್ಲಿ ಯಾವ ಬಣ್ಣ ಬಂತು ನೋಡಿ. ಅವಳದು ಹಸಿರು. ಅವರು ಕನ್ನಡಕ ಹಾಕಿಕೊಂಡು, ಇನ್ನೊಂದು ಸಲ ತಾವೇ ಅಳೆದು ನೋಡಿದರು.